ಕನ್ನಡ ವಾಹಿನಿಗಳ ಒಡೆತನ: ವಿಠಲ ವಿಹಾರದಿಂದ ಜಿಯೋಸ್ಟಾರ್‌ವರೆಗೆ

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯ ಮನೆಯಲ್ಲಿ ಸಂಜೆ ಹೊತ್ತು ಕಲರ್ಸ್ ಕನ್ನಡ ನೋಡುತ್ತಿದ್ದವರು ಬೇಸರವಾಗಿ ಸ್ಟಾರ್ ಸುವರ್ಣಕ್ಕೆ ಬದಲಾಯಿಸಿದರೆ, ಒಬ್ಬರನ್ನು ಬಿಟ್ಟು ಅವರ ಎದುರಾಳಿಯ ಕಡೆ ಹೋದೆವು ಅಂದುಕೊಳ್ಳುವುದು ಸಹಜ. ಆದರೆ 2024ರ ನವೆಂಬರ್‌ನಿಂದ ಎರಡೂ ಜಿಯೋಸ್ಟಾರ್ ಎಂಬ ಒಂದೇ ಕಂಪನಿಯ ವಾಹಿನಿಗಳು. ಕನ್ನಡ ಪ್ರಸಾರದ ಸುಮಾರು 90 ವರ್ಷಗಳ ಹಾದಿಯನ್ನು ನೋಡಿದರೆ, ಒಡೆಯರು ಒಳಗಿನವರೋ ಹೊರಗಿನವರೋ ಅನ್ನುವುದಕ್ಕಿಂತ ಎಷ್ಟು ಮಂದಿ ಅನ್ನುವುದೇ ನೋಡುಗರಿಗೆ ಮುಖ್ಯ ಎಂದು ನನಗೆ ತೋರುತ್ತದೆ.

ಈ ಹಾದಿ ಶುರುವಾದದ್ದು ಒಬ್ಬ ಮೇಷ್ಟರ ಆಸಕ್ತಿಯಿಂದ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆ ವಿಠಲ ವಿಹಾರದಲ್ಲಿ ಸಣ್ಣದೊಂದು ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ನಡೆಸಿದರು. ಮುಂದೆ ಅದನ್ನು ಸಂಸ್ಥಾನ ವಹಿಸಿಕೊಂಡಿತು. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೋ ಸೇರಿತು. ಅದಕ್ಕೂ ಮೊದಲು, 1927ರಲ್ಲಿ ಮುಂಬೈಯಲ್ಲಿ ಪ್ರಸಾರ ಶುರುಮಾಡಿದ ಖಾಸಗಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಮೂರೇ ವರ್ಷಕ್ಕೆ ಬಾಗಿಲು ಹಾಕಿತ್ತು. ಲಾಭ ಹುಟ್ಟದ ಕಡೆ ಸರ್ಕಾರವೇ ಒಡೆಯನಾಯಿತು. ಆ ಸ್ಥಿತಿಯನ್ನು ಬದಲಿಸಿದ್ದು ಉಪಗ್ರಹ. 1991ರಲ್ಲಿ ಹಾಂಗ್‌ಕಾಂಗ್‌ನಿಂದ ಸ್ಟಾರ್ ಟಿವಿ ಬಂತು, 1993ರಲ್ಲಿ ರೂಪರ್ಟ್ ಮರ್ಡೋಕ್ ಅದರ ಹಿಡಿತ ಪಡೆದರು. ಕನ್ನಡದಲ್ಲಿ 1994ಕ್ಕೆ ಚೆನ್ನೈನ ಸನ್ ಬಳಗದ ಉದಯ, 2000ಕ್ಕೆ ಹೈದರಾಬಾದಿನ ರಾಮೋಜಿ ಬಳಗದ ಈಟಿವಿ, 2006ಕ್ಕೆ ಮುಂಬೈಯ ಜೀ, ಮರುವರ್ಷ ಏಷ್ಯಾನೆಟ್‌ನ ಸುವರ್ಣ ಬಂದವು. ಹೆಚ್ಚಿನವರು ಹೊರಗಿನವರೇ, ಆದರೆ ನಾಲ್ಕು ಬೇರೆ ಬೇರೆ ಮನೆಯವರು. ಬರಹಗಾರರು, ನಟರು, ತಂತ್ರಜ್ಞರು ಒಂದು ಕಡೆ ಒಗ್ಗದಿದ್ದರೆ ಇನ್ನೊಂದು ಬಾಗಿಲು ತಟ್ಟಬಹುದಿತ್ತು.

ಬಿಗ್ ಬಾಸ್ ಕನ್ನಡವನ್ನೇ ನೋಡಿ. 2013ರಲ್ಲಿ ಈಟಿವಿ ಕನ್ನಡದಲ್ಲಿ ಶುರುವಾಯಿತು, 2014ರಲ್ಲಿ ಸುವರ್ಣಕ್ಕೆ ಹೋಯಿತು, 2015ರಲ್ಲಿ ಕಲರ್ಸ್ ಕನ್ನಡವೆಂದು ಹೆಸರು ಬದಲಿಸಿಕೊಂಡಿದ್ದ ಹಳೆಯ ಮನೆಗೇ ಮರಳಿತು. ನಿರೂಪಕರು ಸುದೀಪ್, ಮಾತು ಕನ್ನಡ. ಕಾರ್ಯಕ್ರಮದ ಮೂಲ ಹಕ್ಕು ನೆದರ್ಲೆಂಡ್ಸ್‌ನ ಎಂಡೆಮಾಲ್‌ನದು, ಈಗ ಅದನ್ನು ಕೊಂಡ ಫ್ರಾನ್ಸಿನ ಬಾನಿಜೇಯದು. ಅಂದು ಅದಕ್ಕಾಗಿ ಎರಡು ವಾಹಿನಿಗಳು ಹಣಾಹಣಿ ನಡೆಸಬಹುದಿತ್ತು. ಇಂದು ಆ ಎರಡಕ್ಕೂ ಒಬ್ಬರೇ ಯಜಮಾನರು. ಈಟಿವಿ ರಿಲಯನ್ಸ್ ಬೆಂಬಲದ ನೆಟ್‌ವರ್ಕ್18 ಮೂಲಕ ವಯಾಕಾಮ್18ಕ್ಕೆ ಸೇರಿತ್ತು. ಸುವರ್ಣ ಸ್ಟಾರ್ ತೆಕ್ಕೆಗೆ ಬಿದ್ದು, 2019ರಲ್ಲಿ ಸ್ಟಾರ್ ಸಮೇತ ಡಿಸ್ನಿಯ ಪಾಲಾಗಿತ್ತು. ಈ ಎರಡು ಬಳಗಗಳ ವಿಲೀನದಿಂದ ಹುಟ್ಟಿದ ಸುಮಾರು 70 ಸಾವಿರ ಕೋಟಿ ರೂಪಾಯಿ ಮೌಲ್ಯದ ಜಿಯೋಸ್ಟಾರ್‌ನಲ್ಲಿ ರಿಲಯನ್ಸ್ ನೇರವಾಗಿ ಶೇ 16.34, ಅದರ ಹಿಡಿತದ ವಯಾಕಾಮ್18 ಶೇ 46.82, ಡಿಸ್ನಿ ಶೇ 36.84 ಪಾಲು ಪಡೆದವು.

ದೊಡ್ಡ ಬಂಡವಾಳ ಬಂದಿದ್ದರಿಂದಲೇ ಕನ್ನಡ ಕಾರ್ಯಕ್ರಮಗಳ ಅಂದಚೆಂದ ಹೆಚ್ಚಿತು, ನೂರಾರು ಮಂದಿಗೆ ಕೆಲಸ ಸಿಕ್ಕಿತು ಎನ್ನುವವರಿದ್ದಾರೆ. ಅದು ನಿಜ. ವಿಠಲ ವಿಹಾರದಂಥ ಪ್ರಯತ್ನ ಒಬ್ಬರ ಜೇಬಿನ ಮೇಲೆ ನಿಲ್ಲುವಂಥದ್ದಲ್ಲ. ಈಗಿನ ಹೆಚ್ಚಿನ ಪಾಲು ಭಾರತೀಯರದೇ ಅಲ್ಲವೇ ಎಂಬ ಮಾತೂ ಸರಿ. ಆದರೆ ಕೊಳ್ಳುವವರ ಸಂಖ್ಯೆ ಕಡಿಮೆಯಾದರೆ ಏನಾಗುತ್ತದೆ ಎಂದು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ರೈತರಿಗೆ ಹೇಳಿಕೊಡಬೇಕಿಲ್ಲ. ಕಟ್ಟೆಮಳಲವಾಡಿಯ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ಬೇಲ್‌ಗಳು ಎಷ್ಟೇ ಚೆನ್ನಾಗಿರಲಿ, ಕೊಳ್ಳಲು ಬರುವ ಕಂಪನಿಗಳು ಕಡಿಮೆಯಾದ ದಿನ ದರ ಏರುವುದಿಲ್ಲ. ಧಾರಾವಾಹಿಯ ನಿರ್ಮಾಪಕರೂ ಬರಹಗಾರರೂ ಈಗ ಅದೇ ಜಾಗದಲ್ಲಿ ನಿಂತಿದ್ದಾರೆ.

ಯೂಟ್ಯೂಬ್ ಇದೆಯಲ್ಲ, ಯಾರು ಬೇಕಾದರೂ ಪ್ರಸಾರ ಮಾಡಬಹುದು ಎಂಬ ವಾದ ಇನ್ನೂ ಗಟ್ಟಿಯಾದದ್ದು. ಹಳ್ಳಿಯ ಹುಡುಗರ ವಿಡಿಯೊಗಳು ಅಲ್ಲಿ ಬೆಳೆದಿರುವುದು ಸಂತೋಷದ ಸಂಗತಿ. ಆದರೂ ಯಾವ ವಿಡಿಯೊ ಯಾರ ಕಣ್ಣಿಗೆ ಬೀಳಬೇಕು, ಜಾಹೀರಾತಿನ ಹಣದಲ್ಲಿ ಯಾರಿಗೆಷ್ಟು ಎಂದು ತೀರ್ಮಾನಿಸುವುದು ಗೂಗಲ್. ಅಲ್ಲಿಯೂ ಒಡೆಯ ಒಬ್ಬನೇ.

2024ರ ಆಗಸ್ಟ್‌ನಲ್ಲಿ ಸ್ಪರ್ಧಾ ಆಯೋಗ ಈ ವಿಲೀನಕ್ಕೆ ಷರತ್ತು ಹಾಕಿ ಒಪ್ಪಿಗೆ ಕೊಟ್ಟಾಗ ಹೆಚ್ಚಿನ ಚರ್ಚೆ ನಡೆದದ್ದು ಕ್ರಿಕೆಟ್ ಸುತ್ತ. ಮುಂದೆ ಇಂಥ ಪ್ರಸ್ತಾಪ ಬಂದಾಗ ಕನ್ನಡ ಮನರಂಜನೆಯಲ್ಲಿ ಎಷ್ಟು ಪ್ರತ್ಯೇಕ ಒಡೆಯರು ಉಳಿಯುತ್ತಾರೆ ಎಂಬುದನ್ನು ಕ್ರಿಕೆಟ್‌ನಷ್ಟೇ ಗಟ್ಟಿಯಾಗಿ ಕೇಳಬೇಕು. ಜೊತೆಗೆ ಮೈಸೂರು ಆಕಾಶವಾಣಿಗೂ, ಸರಗೂರಿನಿಂದ ಆ ಭಾಗದ ಜನರಿಗಾಗಿಯೇ ಪ್ರಸಾರವಾಗುವ ಸಮುದಾಯ ಬಾನುಲಿ ಜನಧ್ವನಿಯಂಥವಕ್ಕೂ ಸರ್ಕಾರಿ ಜಾಹೀರಾತಿನಲ್ಲಿ ಖಚಿತವಾದ ಪಾಲು ಸಿಗಬೇಕು.