ಬಾಗಿಲು ತೆರೆಯುವ ಮೊದಲೇ ಗೆದ್ದ ಮೇರಿ ಕೋಮ್

ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋದವರೆಲ್ಲರೂ ಗೊಮ್ಮಟೇಶ್ವರನ ದರ್ಶನ ಮಾಡಿ ಧನ್ಯರಾಗಿ ಹಿಂದಿರುಗುತ್ತಾರೆ. ಆದರೆ ಅಲ್ಲಿಯೇ ಇರುವ ಹತ್ತನೆಯ ಶತಮಾನದ ವೀರಗಲ್ಲೊಂದನ್ನು ಅರಸಿ ನೋಡುವವರು ವಿರಳ. ಪತಿ ಲೋಕವಿದ್ಯಾಧರನೊಡನೆ ಯುದ್ಧಕ್ಕೆ ತೆರಳಿ ಮಡಿದ ಸಾವಿಯಬ್ಬೆಯ ಸ್ಮಾರಕವದು. ಕುದುರೆಯೇರಿ ಖಡ್ಗ ಎತ್ತಿರುವ ಹೆಣ್ಣು. ಅವಳೆದುರಿಗೆ ಆನೆಯ ಮೇಲೆ ಕುಳಿತ ವೈರಿ. ಶಿಲ್ಪ ತೋರಿಸುವುದು ಹೋರಾಟಗಾರ್ತಿಯನ್ನು. ಶಾಸನವಾದರೋ ಆಕೆಯನ್ನು ರೇವತಿ, ಸೀತೆ, ದೇವಕಿ, ಅರುಂಧತಿಯರ ಸಾಲಿನಲ್ಲಿ ನಿಲ್ಲಿಸಿ ಕೊಂಡಾಡುತ್ತದೆ. ಹೆಣ್ಣಿನ ತೋಳ್ಬಲವನ್ನು ಕಣ್ಣಾರೆ ಕಂಡರೂ ಅದನ್ನು ಹೊಗಳಲು ಬೇರೆ ಮಾತನ್ನೇ ಹುಡುಕುವ ಈ ಅಭ್ಯಾಸ ನಮ್ಮಲ್ಲಿ ಸಾವಿರ ವರ್ಷಗಳಷ್ಟು ಹಳೆಯದು.

ಮುಷ್ಟಿಯುದ್ಧವೂ ಕನ್ನಡ ನಾಡಿಗೆ ಹೊಸದಲ್ಲ. 1520ರ ಸುಮಾರಿನಲ್ಲಿ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಹಲ್ಲು ಮುರಿಯುವಂತೆ, ಮುಖ ವಿಕಾರವಾಗುವಂತೆ ಹೊಡೆದಾಡುತ್ತಿದ್ದ ಮಲ್ಲರನ್ನು ವರ್ಣಿಸಿದ್ದಾನೆ. ಅವನ ನಂತರ ಬಂದ ನ್ಯೂನಿಜ್, ಅರಮನೆಯಲ್ಲಿ ಕುಸ್ತಿಯಾಡುವ ಸ್ತ್ರೀಯರೂ ಇದ್ದರೆಂದು ಬರೆದಿದ್ದಾನೆ. ಮೈಸೂರು ದಸರೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಇಂದಿಗೂ ನಡೆಯುತ್ತದೆ. ಆದರೆ ಅಲ್ಲಿ ಕಾದಾಡುವವರು ಗಂಡಸರು. ನಮ್ಮ ಊರುಗಳ ಗರಡಿಮನೆಗಳ ಹೊಸ್ತಿಲೂ ಹೆಣ್ಣುಮಕ್ಕಳಿಗೆ ಎತ್ತರವಾಗಿಯೇ ಉಳಿಯಿತು. ಅಂದರೆ ನಮ್ಮಲ್ಲಿ ಕಾದಾಡಬಲ್ಲ ಸ್ತ್ರೀಯರಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದುದು ಅವರಿಗೆ ಮೀಸಲಾದ ಕಣಕ್ಕೆ.

ಈ ಮಾತು ನಮ್ಮ ದೇಶಕ್ಕಷ್ಟೇ ಸಲ್ಲುವುದಲ್ಲ. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಬಾಕ್ಸಿಂಗನ್ನು ಪ್ರದರ್ಶನಕ್ಕೆಂದು ಆಡಿಸಲಾಯಿತು. ಅದು ಪದಕದ ಸ್ಪರ್ಧೆಯಾಗಲು 108 ವರ್ಷಗಳು ಬೇಕಾದವು. ಸ್ವೀಡನ್ ದೇಶ ಮಹಿಳಾ ಬಾಕ್ಸಿಂಗ್ ಮೇಲಿನ ನಿಷೇಧವನ್ನು ತೆಗೆದದ್ದು 1988ರಲ್ಲಿ. ಬ್ರಿಟನ್ನಿನಲ್ಲಿ ಜೇನ್ ಕೌಚ್ ಎಂಬಾಕೆ ವೃತ್ತಿಪರ ಬಾಕ್ಸರ್ ಆಗಲು ನ್ಯಾಯಮಂಡಳಿಯ ಮೆಟ್ಟಿಲೇರಿ 1998ರಲ್ಲಿ ಪರವಾನಗಿ ಪಡೆಯಬೇಕಾಯಿತು. ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 2001ರಲ್ಲಿ, ಅಮೆರಿಕದ ಸ್ಕ್ರ್ಯಾಂಟನ್ ನಗರದಲ್ಲಿ. ಆ ಕೂಟದ 48 ಕೆ.ಜಿ. ವಿಭಾಗದಲ್ಲಿ ಬೆಳ್ಳಿ ಗೆದ್ದ ಭಾರತದ ಹುಡುಗಿಯೇ ಮೇರಿ ಕೋಮ್.

ಮಣಿಪುರದ ಚುರಾಚಾಂದ್‌ಪುರ ಜಿಲ್ಲೆಯ ಕಾಂಗಾಥೈ ಅವರ ಹಳ್ಳಿ. ತಂದೆ ತಾಯಿ ಪರರ ಹೊಲಗಳಲ್ಲಿ ದುಡಿದು ಬದುಕಿದವರು. ಶಾಲೆಯಲ್ಲಿ ಓಟ, ಜಾವೆಲಿನ್ ಎಸೆತಗಳಲ್ಲಿ ಮುಂದಿದ್ದ ಹುಡುಗಿಗೆ 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಮಣಿಪುರದವರೇ ಆದ ಡಿಂಕೊ ಸಿಂಗ್ ಗೆದ್ದ ಚಿನ್ನ ಬಾಕ್ಸಿಂಗಿನ ಹುಚ್ಚು ಹಿಡಿಸಿತು. ಇಂಫಾಲದಲ್ಲಿ ಮನೆಯವರಿಗೆ ತಿಳಿಸದೆ ಕಲಿತರು. 2000ರಲ್ಲಿ ರಾಜ್ಯ ಚಾಂಪಿಯನ್ ಆದಾಗ ಪತ್ರಿಕೆಯಲ್ಲಿ ಅಚ್ಚಾದ ಚಿತ್ರದಿಂದಲೇ ತಂದೆಗೆ ವಿಷಯ ಗೊತ್ತಾದದ್ದು. ತಾರುಣ್ಯದಲ್ಲಿ ಸ್ವತಃ ಕುಸ್ತಿಪಟುವಾಗಿದ್ದ ಆ ತಂದೆ ಸಿಟ್ಟಾದರು. ಮುಖಕ್ಕೆ ಪೆಟ್ಟು ಬಿದ್ದರೆ ಮದುವೆ ಹೇಗಾದೀತು ಎಂಬುದು ಅವರ ಚಿಂತೆ. ಈ ಚಿಂತೆಯನ್ನು ಅರಕಲಗೂಡಿನ ಯಾವ ತಂದೆಗೂ ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನದು ಅಚ್ಚರಿಯ ಅಧ್ಯಾಯ. 2002ರಲ್ಲಿ ಟರ್ಕಿಯ ಅಂತಾಲ್ಯ, 2005ರಲ್ಲಿ ರಷ್ಯಾದ ಪೊಡೊಲ್ಸ್ಕ್, 2006ರಲ್ಲಿ ನವದೆಹಲಿ, ಹೀಗೆ ಮೂರು ವಿಶ್ವ ಕಿರೀಟಗಳು. 2007ರಲ್ಲಿ ಅವಳಿ ಗಂಡುಮಕ್ಕಳ ತಾಯಿಯಾದರು. ಇನ್ನು ಮುಗಿಯಿತೆಂದು ಜನ ಅಂದುಕೊಳ್ಳುತ್ತಿರುವಾಗಲೇ 2008ರಲ್ಲಿ ಚೀನಾದ ನಿಂಗ್ಬೋ, 2010ರಲ್ಲಿ ಬಾರ್ಬಡೋಸಿನ ಬ್ರಿಜ್‌ಟೌನ್‌ಗಳಲ್ಲಿ ಮತ್ತೆ ಚಿನ್ನ ಗೆದ್ದರು. ಐದು ಬಾರಿ ವಿಶ್ವವನ್ನೇ ಗೆದ್ದ ಈಕೆಗೆ ಅಲ್ಲಿಯವರೆಗೆ ಒಲಿಂಪಿಕ್ಸ್‌ನಲ್ಲಿ ಕಾಲಿಡಲು ಸ್ಥಳವೇ ಇರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಮಹಿಳಾ ಬಾಕ್ಸಿಂಗನ್ನು ಸೇರಿಸಿಕೊಳ್ಳಲು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ನಿರ್ಧರಿಸಿದ್ದು 2009ರ ಆಗಸ್ಟ್‌ನಲ್ಲಿ.

ಬಾಗಿಲೇನೋ ತೆರೆಯಿತು, ಆದರೆ ಪೂರ್ತಿಯಾಗಿ ಅಲ್ಲ. 2012ರ ಲಂಡನ್ ಕೂಟದಲ್ಲಿ ಗಂಡಸರಿಗೆ 10 ತೂಕದ ವಿಭಾಗಗಳಿದ್ದರೆ ಹೆಂಗಸರಿಗೆ 51, 60 ಮತ್ತು 75 ಕೆ.ಜಿ. ಎಂಬ ಮೂರೇ ವಿಭಾಗಗಳು. ಮೇರಿ ಕೋಮ್ ತಮ್ಮ ಕಿರೀಟಗಳನ್ನೆಲ್ಲ ಗೆದ್ದದ್ದು 45ರಿಂದ 48 ಕೆ.ಜಿ.ಯೊಳಗಿನ ವಿಭಾಗಗಳಲ್ಲಿ. ಬಾಕ್ಸರುಗಳು ಸಾಮಾನ್ಯವಾಗಿ ತೂಕ ಇಳಿಸಿಕೊಂಡು ಕಣಕ್ಕಿಳಿಯುತ್ತಾರೆ. ಇವರಾದರೋ ತೂಕ ಏರಿಸಿಕೊಂಡು, ತಮಗಿಂತ ಎತ್ತರದ, ದೇಹದಾರ್ಢ್ಯದ ಎದುರಾಳಿಗಳೊಡನೆ ಸೆಣಸಬೇಕಾಯಿತು. ಪೋಲೆಂಡಿನ ಮಿಖಾಲ್ಚುಕ್‌ರನ್ನು 19–14ರಿಂದ, ಟ್ಯುನೀಸಿಯಾದ ರಹಾಲಿಯವರನ್ನು 15–6ರಿಂದ ಮಣಿಸಿ, ಸೆಮಿಫೈನಲ್‌ನಲ್ಲಿ ಬ್ರಿಟನ್ನಿನ ನಿಕೋಲಾ ಆಡಮ್ಸ್‌ಗೆ 6–11ರಿಂದ ಸೋತರು. ಕಂಚು ಬಂದಿತು. ದೇಶ ಸಂಭ್ರಮಿಸಿತು. ಆದರೆ ಆ ಕಂಚಿನ ಹಿಂದೆ, ತನ್ನ ಅಳತೆಗೆ ಹೊಲಿಯದ ಅಂಗಿಯನ್ನು ತೊಟ್ಟು ಆಡಿದ ಸಂಕಟವಿತ್ತೆಂಬುದನ್ನು ಎಷ್ಟು ಜನ ಗುರುತಿಸಿದರೋ ಕಾಣೆ.

2014ರಲ್ಲಿ ಇಂಚಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಅವರು 2016ರ ರಿಯೊ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಲಾಗಲಿಲ್ಲ. 2018ರ ನವೆಂಬರ್ 24ರಂದು ನವದೆಹಲಿಯಲ್ಲಿ, ತಮಗೆ ಒಪ್ಪುವ 48 ಕೆ.ಜಿ. ವಿಭಾಗಕ್ಕೆ ಮರಳಿ ಉಕ್ರೇನಿನ ಹನ್ನಾ ಒಖೋಟಾರನ್ನು ಸೋಲಿಸಿ ಆರನೆಯ ವಿಶ್ವ ಕಿರೀಟ ಧರಿಸಿದರು. ಮರುವರ್ಷ ಉಲಾನ್ ಉಡೆಯಲ್ಲಿ ಕಂಚು ಗೆದ್ದು ವಿಶ್ವ ಕೂಟಗಳ ಪದಕಗಳನ್ನು ಎಂಟಕ್ಕೆ ಏರಿಸಿದರು. 2021ರಲ್ಲಿ ಟೋಕಿಯೊದಲ್ಲಿ ಕೊಲಂಬಿಯಾದ ಇಂಗ್ರಿಟ್ ವಲೆನ್ಸಿಯಾ ಎದುರು ಸೋತಾಗ ಅವರಿಗೆ 38 ವರ್ಷ. ಪದ್ಮವಿಭೂಷಣ ಅದಕ್ಕೆ ಮೊದಲೇ, 2020ರಲ್ಲಿ ಸಂದಿತ್ತು.

ಇತಿಹಾಸ ಬರೆಯುವವರು ಹೊಗಳಿಕೆಯಲ್ಲೇ ನಿಲ್ಲಬಾರದು. ಬಾಗಿಲು ತೆರೆಸಿದವರು ಒಳಗೆ ಬಂದ ಮೇಲೆ ಹಿಂದಿನವರಿಗೆ ದಾರಿ ಬಿಡಬೇಕೆಂಬ ಪ್ರಶ್ನೆ ಅವರಿಗೂ ಎದುರಾಯಿತು. 2019ರಲ್ಲಿ ತೆಲಂಗಾಣದ ನಿಖತ್ ಜರೀನ್, ನ್ಯಾಯವಾದ ಆಯ್ಕೆ ಪಂದ್ಯ ನಡೆಯಲೆಂದು ಕ್ರೀಡಾ ಸಚಿವರಿಗೆ ಪತ್ರ ಬರೆದರು. ಡಿಸೆಂಬರ್‌ನಲ್ಲಿ ಪಂದ್ಯ ನಡೆದು ಮೇರಿ 9–1ರಿಂದ ಗೆದ್ದರು. ಆದರೆ ಕಿರಿಯಳ ಕೈ ಕುಲುಕಲಿಲ್ಲ. ಆ ಕಿರಿಯಳೇ 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದಳು. ಕೋಪ ತಾಪಗಳೇನೇ ಇರಲಿ, ನಿಖತ್ ನಡೆದದ್ದು ಮೇರಿ ಸವೆಸಿದ ಹಾದಿಯಲ್ಲೇ. 2024ರ ಪ್ಯಾರಿಸ್ ಕೂಟದಲ್ಲಿ ಮಹಿಳೆಯರಿಗೆ ಆರು ವಿಭಾಗಗಳಿದ್ದವು, ಪುರುಷರಿಗೆ ಏಳು. ಹನ್ನೆರಡು ವರ್ಷಗಳಲ್ಲಿ ತಕ್ಕಡಿ ಇಷ್ಟು ಸಮಕ್ಕೆ ಬಂದಿತು.

ಇದರಲ್ಲಿ ನಮಗೇನು ಪಾಠ? ಮೇರಿ ಕಂಚು ಗೆದ್ದ ಒಂದು ತಿಂಗಳೊಳಗೆ ಅದೇ ಲಂಡನ್ನಿನ ಪ್ಯಾರಾಲಿಂಪಿಕ್ಸ್‌ನಲ್ಲಿ ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದರು. ಒಂದು ಕಾಲಿನ ಊನವುಳ್ಳವರಿಗೂ ಜಿಗಿಯಲು ಒಂದು ವಿಭಾಗ ಇದ್ದುದರಿಂದ ಅವರ ಶಕ್ತಿ ಲೋಕಕ್ಕೆ ಕಂಡಿತು. ಹೊಳೆನರಸೀಪುರದಲ್ಲೋ ಚನ್ನರಾಯಪಟ್ಟಣದಲ್ಲೋ ಪ್ರೌಢಶಾಲೆಯ ಮೈದಾನದಲ್ಲಿ ಖೊಖೊ, ಕಬಡ್ಡಿ ಆಡುವ ಹುಡುಗಿಯರನ್ನು ಕಂಡ ಯಾವ ಮೇಷ್ಟ್ರೂ ಅವರಲ್ಲಿ ಕಸುವಿಲ್ಲ ಎನ್ನಲಾರರು. ಹತ್ತನೆಯ ತರಗತಿ ದಾಟಿದ ಮೇಲೆ ಅವರು ಎಲ್ಲಿ ಆಡಬೇಕು, ಯಾರು ಕಲಿಸಬೇಕು, ಸಂಜೆ ಯಾವ ಬಸ್ಸಿನಲ್ಲಿ ಮನೆ ಸೇರಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗದೆ ಆಟ ನಿಂತುಹೋಗುತ್ತದೆ. ಪ್ರತಿಭೆ ದೇವರು ಕೊಡುವುದಿರಬಹುದು. ಕಣವನ್ನು ಮಾತ್ರ ಮನುಷ್ಯರೇ ಕಟ್ಟಬೇಕು. ಆರು ಬಾರಿ ವಿಶ್ವವನ್ನು ಗೆದ್ದವರಿಗೇ ಆ ಕಣಕ್ಕಾಗಿ ಇಷ್ಟು ವರ್ಷ ಕಾಯಬೇಕಾಯಿತೆಂದರೆ, ಒಂದು ಬಾರಿಯೂ ಕಣಕ್ಕಿಳಿಯದೆ ಹೋದವರ ಲೆಕ್ಕ ಇಟ್ಟವರು ಯಾರು?