ಒಂದು ಸುಂಕದ ಚೀಟಿ

ಹೆಬ್ಬಾಳ, ಯಲಹಂಕಗಳ ಕಡೆಯ ನಾವು ದಿನವೂ ಯಾವುದಾದರೊಂದು ರಾಜಕಾಲುವೆಯನ್ನು ದಾಟುತ್ತೇವೆ. ದಾಟುವಾಗ ಮೂಗು ಮುಚ್ಚಿಕೊಳ್ಳುತ್ತೇವೆ. ಯಲಹಂಕದ ಕೋಡಿ ನೀರನ್ನು ಜಕ್ಕೂರಿಗೆ, ಜಕ್ಕೂರಿನದನ್ನು ರಾಚೇನಹಳ್ಳಿಯ ಕಡೆಗೆ, ಹೆಬ್ಬಾಳದ್ದನ್ನು ನಾಗವಾರಕ್ಕೆ ಸಾಗಿಸುತ್ತಿದ್ದ ಕಾಲುವೆಗಳಿವು. ದೋಣಿಗೆಂದು ತೋಡಿದವಲ್ಲ, ನಿಜ. ಆದರೂ ಬಳಕೆ ತಪ್ಪಿದ ಕಾಲುವೆಯ ಗತಿಯೇನು, ಬಳಸುವವರು ಪಟ್ಟು ಹಿಡಿದರೆ ಆಗುವುದೇನು ಎಂದು ತಿಳಿಯಬೇಕಾದರೆ ಇಂಗ್ಲೆಂಡಿನ ದೋಣಿ ಹವ್ಯಾಸಿಗಳ ಚರಿತ್ರೆಯನ್ನು ನಾವು ಓದಬೇಕು.

18ನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಕಲ್ಲಿದ್ದಲು, ಧಾನ್ಯಗಳನ್ನು ಸಾಗಿಸಲು ಕಾಲುವೆಗಳ ಜಾಲವನ್ನೇ ತೋಡಿದರು. ದಡದ ಮೇಲೆ ಎಳೆಯುವ ಕುದುರೆ, ನೀರಿನಲ್ಲಿ ಏಳಡಿ ಅಗಲದ ನೀಳವಾದ ದೋಣಿ. ಬಳಿಕ ರೈಲು ಬಂತು. ರೈಲು ಕಂಪನಿಗಳೇ ಎಷ್ಟೋ ಕಾಲುವೆಗಳನ್ನು ಕೊಂಡವು, ಕೊಂಡು, ಕಡೆಗಣಿಸಿದವು. ಷೇಕ್ಸ್‌ಪಿಯರ್ ಹುಟ್ಟಿದ ಸ್ಟ್ರಾಟ್‌ಫರ್ಡನ್ನು 1816ರಲ್ಲಿ ಮುಟ್ಟಿದ ಕಾಲುವೆಯೂ ಹೂಳು ತುಂಬಿ ಹಾಳುಬಿತ್ತು.

1944ರಲ್ಲಿ ಟಾಮ್ ರೋಲ್ಟ್ ಎಂಬ ಎಂಜಿನಿಯರು ತಮ್ಮ ದೋಣಿ ಪಯಣದ ಕಥೆಯನ್ನು 'ನ್ಯಾರೋ ಬೋಟ್' ಎಂಬ ಪುಸ್ತಕವಾಗಿ ಪ್ರಕಟಿಸಿದರು. ಅದನ್ನು ಓದಿ ಮೆಚ್ಚಿದ ರಾಬರ್ಟ್ ಐಕ್‌ಮನ್ನರೂ ಅವರೂ ಕೂಡಿ 1946ರಲ್ಲಿ ಒಳನಾಡಿನ ಜಲಮಾರ್ಗಗಳ ಸಂಘವನ್ನು ಕಟ್ಟಿದರು. ಇದೇ ಸ್ಟ್ರಾಟ್‌ಫರ್ಡ್ ಕಾಲುವೆಯ ಒಂದು ಕಡೆ, ಕೆಟ್ಟುಹೋದ ಎತ್ತುಸೇತುವೆಯ ಜಾಗದಲ್ಲಿ ರೈಲು ಕಂಪನಿ ಮೇಲೇಳದ ಸೇತುವೆಯನ್ನು ಕೂರಿಸಿತ್ತು. ದೋಣಿ ಬರುವುದಾಗಿ ಮುಂಚೆ ತಿಳಿಸಿದರೆ ಎತ್ತಿಸಿಕೊಡುವುದಾಗಿ ಪಾರ್ಲಿಮೆಂಟಿನಲ್ಲಿ ಭರವಸೆ ದೊರೆಯಿತು. ರೋಲ್ಟರು ತಿಳಿಸಿಯೇ ಬಿಟ್ಟರು! 1947ರ ಮೇ 20ರಂದು ಕೆಲಸಗಾರರು ಜಾಕಿ ಕೊಟ್ಟು ಸೇತುವೆಯನ್ನೆತ್ತಿದರು, ದೋಣಿ ದಾಟಿತು. ಹಕ್ಕೆಂಬುದು ಕಾಗದದಲ್ಲಿದ್ದರೆ ಸಾಲದು, ನಡೆಸಿದರೇ ಉಳಿಯುವುದು.

ನನಗೆ ಇದಕ್ಕಿಂತ ರುಚಿಸಿದ್ದು ಮುಂದಿನ ಸಂಗತಿ. 1958ರಲ್ಲಿ ಅಲ್ಲಿನ ಜಿಲ್ಲಾ ಆಡಳಿತಕ್ಕೆ ಸೇತುವೆಯೊಂದರ ದುರಸ್ತಿಯ ಖರ್ಚು ಭಾರವಾಗಿ ಕಂಡಿತು. ಕಾಲುವೆಯನ್ನೇ ಕೈಬಿಟ್ಟರೆ ಸೇತುವೆಯ ಗೊಡವೆಯೇ ಇಲ್ಲ! ಮೂರು ವರ್ಷ ಯಾರೂ ಬಳಸದ ಕಾಲುವೆಯನ್ನು ಕೈಬಿಡಲು ಕಾನೂನಿನಲ್ಲಿ ಅವಕಾಶವಿತ್ತು. ಆದರೆ ಅಭಿಮಾನಿಗಳು ಒಂದು ಚೀಟಿಯನ್ನು ಮುಂದಿಟ್ಟರು. ಅದು ಆ ಅವಧಿಯೊಳಗೆ ಇಬ್ಬರು ಹವ್ಯಾಸಿಗಳು ಪುಟ್ಟ ದೋಣಿಯಲ್ಲಿ ಹೋಗಲು ತೆತ್ತ ಸುಂಕದ ರಸೀದಿ, ತಾರೀಖು ಸ್ಪಷ್ಟವಾಗಿತ್ತು. 1959ರಲ್ಲಿ ಸರಕಾರ ಅರ್ಜಿಯನ್ನು ತಳ್ಳಿಹಾಕಿತು.

ಬಳಿಕ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಕಾಲುವೆಯ ದಕ್ಷಿಣ ಭಾಗವನ್ನು ವಹಿಸಿಕೊಂಡಿತು. 1961ರಿಂದ ಡೇವಿಡ್ ಹಚಿಂಗ್ಸ್ ಎಂಬವರ ಮುಂದಾಳುತನದಲ್ಲಿ ಸ್ವಯಂಸೇವಕರು, ಸಿಪಾಯಿಗಳು, ಸೆರೆಮನೆಯ ಕೈದಿಗಳು ಕೂಡ ಕೆಸರಿಗಿಳಿದರು. 13 ಮೈಲಿಯ ಹೂಳೆತ್ತಿದರು. ನೀರನ್ನು ಏರಿಸಿ ಇಳಿಸಿ ದೋಣಿಗೆ ಮೆಟ್ಟಿಲಾಗುವ 30ಕ್ಕೂ ಹೆಚ್ಚು ಕದಕಟ್ಟೆಗಳನ್ನು ಸರಿಪಡಿಸಿದರು. 1964ರ ಜುಲೈ 11ರಂದು ರಾಜಮಾತೆ ಅದನ್ನು ಮತ್ತೆ ತೆರೆದರು. ಇಂದಿಗೂ ಅಲ್ಲಿ ದೋಣಿ ನಡೆಯುತ್ತದೆ.

ಅವರಿಗೆ ರೈಲು ಬಂದಂತೆ ನಮಗೆ ನಲ್ಲಿ ಬಂತು. 1896ರಲ್ಲಿ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿಯದು, 1974ರಲ್ಲಿ ಕಾವೇರಿ. ನೀರು ದೂರದಿಂದ ಬಂದಂತೆಲ್ಲ ಊರ ಕೆರೆ ಬೇಡವಾಯಿತು; ತೂಬು ತೆಗೆದು ಹಾಕುತ್ತಿದ್ದ ನೀರುಗಂಟಿಯೂ ಮರೆಯಾದ. ಧರ್ಮಾಂಬುಧಿಯಲ್ಲಿ ಇಂದು ಬಸ್ಸುಗಳು ನಿಲ್ಲುತ್ತವೆ; ಸಂಪಂಗಿ ಕೆರೆಯಲ್ಲಿ ಕ್ರೀಡಾಂಗಣವಿದೆ. 'ಉಪಯೋಗದಲ್ಲಿಲ್ಲ' ಎಂಬ ಒಂದೇ ಮಾತು ಕೆರೆಯನ್ನು ನಿವೇಶನವಾಗಿಸಬಲ್ಲುದು.

ಅಂಥ ಮಾತು ಜಕ್ಕೂರಿಗೆ ಸಲ್ಲದು. ಸುಮಾರು 160 ಎಕರೆಯ ಆ ಕೆರೆಗೆ ಶುದ್ಧೀಕರಿಸಿದ ನೀರು ಜೊಂಡಿನ ನಡುವೆ ಸೋಸಿ ಸೇರುತ್ತದೆ. ಮೀನುಗಾರರು ಬಲೆ ಬೀಸುತ್ತಾರೆ. 'ಜಲಪೋಷಣ'ದಂಥ ಸ್ಥಳೀಯರ ಕೂಟ ಸಂಬಳವಿಲ್ಲದೆ ಅದರ ಕಾವಲಿಗೆ ನಿಂತಿದೆ. ಹಕ್ಕಿ ಎಣಿಸುವವನೂ ಏರಿಯ ಮೇಲೆ ನಡೆಯುವ ಮುದುಕರೂ ತಿಳಿದೋ ತಿಳಿಯದೆಯೋ ಆ ಸುಂಕದ ಚೀಟಿಯನ್ನೇ ಪಡೆಯುತ್ತಿದ್ದಾರೆ. ಕೆರೆಗಳ ನಡುವಣ ರಾಜಕಾಲುವೆಗೆ ಮಾತ್ರ ಅಂಥ ಚೀಟಿ ಕೊಂಡವರು ವಿರಳ. ಅದಕ್ಕೂ ನಾಲ್ಕು ಜನ ಹಟವಾದಿಗಳು ಬೇಕು.