ವಾಹನದ ಇಗ್ನಿಷನ್ ಸ್ಥಿತಿಗಳು ಮತ್ತು ವಿದ್ಯುನ್ಮಾನ ಘಟಕಗಳಿಗೆ ವಿದ್ಯುತ್ ಪೂರೈಕೆ: ವಾಹನ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ವಾಹನದ ಕೀಲಿಯನ್ನು ತಿರುಗಿಸಿ ಹೊರತೆಗೆದೊಡನೆ ವಾಹನದ ಸಮಸ್ತ ವಿದ್ಯುತ್ ಪೂರೈಕೆಯೂ ನಿಲ್ಲುತ್ತದೆ ಎಂಬುದು ಸಾಮಾನ್ಯವಾದ ತಿಳಿವಳಿಕೆ. ವಾಸ್ತವದಲ್ಲಿ ಹಾಗಲ್ಲ. ಇಂಜಿನ್, ಬ್ರೇಕ್, ಗಾಳಿಚೀಲ, ಬಾಗಿಲು, ದೀಪ ಮುಂತಾದವುಗಳನ್ನು ನಿಯಂತ್ರಿಸುವ ವಿದ್ಯುನ್ಮಾನ ಘಟಕಗಳಿಗೆ ಕೀಲಿಯ ಸ್ಥಾನವನ್ನು ಅನುಸರಿಸಿ ವಿದ್ಯುತ್ ದೊರೆಯುತ್ತದೆ. ಕೆಲವು ಘಟಕಗಳಿಗೆ ಅದು ಸದಾಕಾಲ ದೊರೆಯುತ್ತಲೇ ಇರುತ್ತದೆ. ಹೊಸ ಉಪಕರಣವನ್ನು ಅಳವಡಿಸುವಾಗ ಈ ವ್ಯತ್ಯಾಸವನ್ನು ಗಮನಿಸದಿದ್ದಲ್ಲಿ ಬ್ಯಾಟರಿ ಬರಿದಾಗುವುದಲ್ಲದೆ, ಪ್ರಯಾಣಿಕರ ಸುರಕ್ಷತೆಗಾಗಿ ಅಳವಡಿಸಿದ ಸಾಧನವೇ ನಿಷ್ಪ್ರಯೋಜಕವಾಗುವ ಸಂಭವವಿರುತ್ತದೆ. ಅರ್ಹತಾ ಪತ್ರ ಹಾಗೂ ರಹದಾರಿ ಸಂಬಂಧಿತ ಸೇವೆಗಳಿಗೆ ಅರ್ಜಿ ಸಲ್ಲಿಸುವ ವಾಹನ ಮಾಲೀಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

2. ಇಗ್ನಿಷನ್‌ನ ನಾಲ್ಕು ಸ್ಥಿತಿಗಳು

ಅ) ಲಾಕ್ ಅಥವಾ ಆಫ್: ಗಡಿಯಾರ, ಅಪಾಯ ಸೂಚಕ ದೀಪ, ಬಾಗಿಲಿನ ಬೀಗ, ಕಳ್ಳತನ ನಿರೋಧಕ ಎಚ್ಚರಿಕೆ ಮುಂತಾದವುಗಳಿಗೆ ಬ್ಯಾಟರಿಯಿಂದ ನೇರವಾಗಿ ವಿದ್ಯುತ್ ದೊರೆಯುತ್ತದೆ.

ಆ) ಎಸಿಸಿ: ರೇಡಿಯೋ, ಮೊಬೈಲ್ ಚಾರ್ಜರ್‌ನಂತಹ ಸೌಲಭ್ಯಗಳಿಗೆ ಮಾತ್ರ ಹೆಚ್ಚುವರಿಯಾಗಿ ವಿದ್ಯುತ್ ದೊರೆಯುತ್ತದೆ. ಇಂಜಿನ್ ನಿಯಂತ್ರಣ ಘಟಕವು ಈ ಹಂತದಲ್ಲಿ ಕಾರ್ಯನಿರತವಾಗಿರುವುದಿಲ್ಲ.

ಇ) ಆನ್: ಇಂಜಿನ್, ಬ್ರೇಕ್ ಮತ್ತು ಗಾಳಿಚೀಲದ ಘಟಕಗಳು ಎಚ್ಚೆತ್ತು ಸ್ವಯಂ ತಪಾಸಣೆ ನಡೆಸುತ್ತವೆ. ಪೆಟ್ರೋಲ್ ವಾಹನಗಳಲ್ಲಿ ಇಂಧನ ಪಂಪ್ ಸಾಮಾನ್ಯವಾಗಿ ಕೆಲವು ಸೆಕೆಂಡುಗಳ ಕಾಲ ಓಡಿ, ಇಂಜಿನ್ ತಿರುಗದಿದ್ದಲ್ಲಿ ತಾನಾಗಿಯೇ ನಿಲ್ಲುತ್ತದೆ.

ಈ) ಸ್ಟಾರ್ಟ್: ಸ್ಟಾರ್ಟರ್ ಮೋಟರಿಗೆ ಭಾರಿ ಪ್ರಮಾಣದ ವಿದ್ಯುತ್ ಅಗತ್ಯವಿರುವುದರಿಂದ ರೇಡಿಯೋ, ಬ್ಲೋವರ್ ಮುಂತಾದವುಗಳ ಪೂರೈಕೆಯು ತಾತ್ಕಾಲಿಕವಾಗಿ ಕಡಿತಗೊಳ್ಳುತ್ತದೆ. ಸುಮಾರು 12.6 ವೋಲ್ಟ್ ಇರುವ ಪೂರ್ಣ ಚಾರ್ಜ್ ಆದ ಬ್ಯಾಟರಿಯ ವೋಲ್ಟೇಜ್ ಈ ಕ್ಷಣದಲ್ಲಿ 10 ವೋಲ್ಟ್‌ನ ಆಸುಪಾಸಿಗೆ ಇಳಿಯಬಹುದು. ಇಂಜಿನ್ ಚಾಲನೆಗೊಂಡ ನಂತರ ಆಲ್ಟರ್ನೇಟರ್ ಸುಮಾರು 14 ವೋಲ್ಟ್ ಒದಗಿಸುತ್ತದೆ.

ಗುಂಡಿ ಒತ್ತಿ ಚಾಲನೆ ಮಾಡುವ ವಾಹನಗಳಲ್ಲಿಯೂ ಸ್ಥಿತಿಗಳು ಬಹುತೇಕ ಇವೇ ಆಗಿವೆ. ಇಂತಹ ಅನೇಕ ವಾಹನಗಳಲ್ಲಿ ಬ್ರೇಕ್ ಅಥವಾ ಕ್ಲಚ್ ಪೆಡಲ್ ಒತ್ತದೆ ಗುಂಡಿಯನ್ನು ಒತ್ತಿದರೆ ಎಸಿಸಿ, ಆನ್, ಆಫ್ ಎಂಬ ಅನುಕ್ರಮದಲ್ಲಿ ಸ್ಥಿತಿ ಬದಲಾಗುತ್ತದೆ. ಪೆಡಲ್ ಒತ್ತಿದಾಗ ಮಾತ್ರ ಇಂಜಿನ್ ಚಾಲನೆಗೊಳ್ಳುತ್ತದೆ.

3. ಕೀಲಿ ತೆಗೆದ ನಂತರ ನಡೆಯುವ ಕ್ರಿಯೆ

ಇಗ್ನಿಷನ್ ಆಫ್ ಆದ ಮೇಲೂ ಇಂಜಿನ್ ನಿಯಂತ್ರಣ ಘಟಕವು ತನ್ನ ರಿಲೇಯನ್ನು ಸ್ವಲ್ಪ ಕಾಲ ಹಿಡಿದಿಟ್ಟುಕೊಂಡು, ಚಾಲನೆಯ ವೇಳೆ ಕಲಿತ ಅಂಶಗಳನ್ನು ಸ್ಮರಣೆಯಲ್ಲಿ ದಾಖಲಿಸಿಕೊಳ್ಳುತ್ತದೆ. ಘಟಕಗಳು ಪರಸ್ಪರ ಸಂದೇಶ ವಿನಿಮಯ ಮಾಡಿಕೊಳ್ಳುವ, 1986ರಲ್ಲಿ ಬಾಷ್ ಸಂಸ್ಥೆಯು ಪ್ರಕಟಿಸಿದ ಕ್ಯಾನ್ ಎಂಬ ಜಾಲವು ಮೌನವಾದ ನಂತರ ಅವು ಒಂದೊಂದಾಗಿ ನಿದ್ರಾಸ್ಥಿತಿಗೆ ಜಾರುತ್ತವೆ. ಇದಕ್ಕೆ ಕೆಲವು ನಿಮಿಷಗಳು, ಕೆಲವು ವಾಹನಗಳಲ್ಲಿ ಅದಕ್ಕೂ ಹೆಚ್ಚು ಸಮಯ ಹಿಡಿಯುತ್ತದೆ. ಬಾಗಿಲು ತೆರೆದರೆ ಹಲವು ಘಟಕಗಳು ಪುನಃ ಎಚ್ಚರಗೊಳ್ಳುತ್ತವೆ. ಆದ್ದರಿಂದ ಇಗ್ನಿಷನ್ ಆಫ್ ಮಾಡಿದ ತಕ್ಷಣವೇ ಬ್ಯಾಟರಿಯ ತಂತಿಯನ್ನು ಕಳಚುವುದು ಸೂಕ್ತವಲ್ಲ.

ಸುಸ್ಥಿತಿಯಲ್ಲಿರುವ ಕಾರು ನಿದ್ರಾಸ್ಥಿತಿಯಲ್ಲಿ ಬಳಸುವ ವಿದ್ಯುತ್ ಸಾಮಾನ್ಯವಾಗಿ 50 ಮಿಲಿಆಂಪಿಯರ್ ಮೀರುವುದಿಲ್ಲ. ಅಂದರೆ ದಿನಕ್ಕೆ ಹೆಚ್ಚೆಂದರೆ 1.2 ಆಂಪಿಯರ್-ಗಂಟೆ. ತಪ್ಪಾಗಿ ಜೋಡಿಸಿದ ಉಪಕರಣವೊಂದು ಸದಾ 500 ಮಿಲಿಆಂಪಿಯರ್ ಸೆಳೆಯುತ್ತಿದ್ದಲ್ಲಿ ದಿನಕ್ಕೆ 12 ಆಂಪಿಯರ್-ಗಂಟೆ ವ್ಯಯವಾಗುತ್ತದೆ. 45 ಆಂಪಿಯರ್-ಗಂಟೆ ಸಾಮರ್ಥ್ಯದ ಬ್ಯಾಟರಿಯು ಮೂರು ದಿನಗಳೊಳಗಾಗಿಯೇ ವಾಹನವನ್ನು ಚಾಲನೆ ಮಾಡಲಾಗದ ಸ್ಥಿತಿಗೆ ತಲುಪಬಹುದು.

4. ಸ್ಥಳ ಪತ್ತೆ ಸಾಧನ ಮತ್ತು ತುರ್ತು ಗುಂಡಿ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ನಿಯಮ 125-ಎಚ್ ಅನ್ವಯ ಸಾರ್ವಜನಿಕ ಸೇವಾ ವಾಹನಗಳಿಗೆ ಸ್ಥಳ ಪತ್ತೆ ಸಾಧನ ಹಾಗೂ ತುರ್ತು ಗುಂಡಿಯ ಅಳವಡಿಕೆಯನ್ನು ವಿಧಿಸಲಾಗಿದ್ದು, ದಿನಾಂಕ 1-1-2019ರಿಂದ ನೋಂದಣಿಯಾಗುವ ಹೊಸ ವಾಹನಗಳಿಗೆ ಇದು ಅನ್ವಯವಾಗಿದೆ. ದ್ವಿಚಕ್ರ, ತ್ರಿಚಕ್ರ ವಾಹನಗಳು ಮತ್ತು ಇ-ರಿಕ್ಷಾಗಳು ಇದರಿಂದ ಹೊರತಾಗಿವೆ. ಸಾಧನವು ಎಐಎಸ್-140 ಮಾನದಂಡಕ್ಕೆ ಅನುಗುಣವಾಗಿರಬೇಕು.

ಈ ಸಾಧನಕ್ಕೆ ಮುಖ್ಯವಾಗಿ ಮೂರು ಸಂಪರ್ಕಗಳಿರುತ್ತವೆ: ಬ್ಯಾಟರಿಯ ಸ್ಥಿರ ಪೂರೈಕೆ, ಭೂಸಂಪರ್ಕ ಮತ್ತು ಇಗ್ನಿಷನ್ ಸಂಕೇತ. ಜರ್ಮನಿಯ ಡಿಐಎನ್ 72552 ಮಾನದಂಡದಲ್ಲಿ ಇವುಗಳನ್ನು ಕ್ರಮವಾಗಿ 30, 31 ಮತ್ತು 15 ಎಂಬ ಸಂಖ್ಯೆಗಳಿಂದ ಗುರುತಿಸಲಾಗುತ್ತದೆ. ಜೋಡಣೆಯಲ್ಲಿ ಸಾಮಾನ್ಯವಾಗಿ ಎರಡು ಬಗೆಯ ದೋಷಗಳು ಸಂಭವಿಸುತ್ತವೆ.

ಮೊದಲನೆಯದಾಗಿ, ಇಗ್ನಿಷನ್ ಸಂಕೇತದ ತಂತಿಯನ್ನು ಸ್ಥಿರ ಪೂರೈಕೆಗೆ ಸೇರಿಸಿದಲ್ಲಿ, ನಿಂತ ವಾಹನವೂ ಸದಾ ಚಾಲನೆಯಲ್ಲಿದೆ ಎಂದು ಸಾಧನವು ಭಾವಿಸಿ ನಿದ್ರಾಸ್ಥಿತಿಗೆ ಹೋಗದೆ ಬ್ಯಾಟರಿಯನ್ನು ಬರಿದುಮಾಡುತ್ತದೆ.

ಎರಡನೆಯ ದೋಷ ಇನ್ನೂ ಗಂಭೀರವಾದುದು. ಮುಖ್ಯ ಪೂರೈಕೆಯನ್ನೇ ಇಗ್ನಿಷನ್ ತಂತಿಯಿಂದ ಪಡೆದಲ್ಲಿ, ಕೀಲಿ ತೆಗೆದಾಗಲೆಲ್ಲ ವಿದ್ಯುತ್ ಕಡಿತವಾಗಿದೆಯೆಂಬ ಸುಳ್ಳು ಸಂದೇಶ ರವಾನೆಯಾಗುತ್ತದೆ; ಸಾಧನವು ತನ್ನ ಆಂತರಿಕ ಬ್ಯಾಟರಿಯನ್ನು ಅವಲಂಬಿಸಬೇಕಾಗುತ್ತದೆ. ಮಾನದಂಡದಂತೆ ಆ ಬ್ಯಾಟರಿಗೆ ವಿಧಿಸಿರುವ ಕನಿಷ್ಠ ಕಾಲಾವಧಿ 4 ಗಂಟೆಗಳು ಮಾತ್ರ. ಅದು ಮುಗಿದ ಮೇಲೆ, ಇಂಜಿನ್ ನಿಲ್ಲಿಸಿದ ವಾಹನದಲ್ಲಿ ಪ್ರಯಾಣಿಕರು ಗುಂಡಿ ಒತ್ತಿದರೂ ಸಂದೇಶ ತಲುಪದಿರಬಹುದು. ಇಂಜಿನ್ ಓಡುತ್ತಿರುವಾಗ ಪರೀಕ್ಷಿಸಿದರೆ ಈ ದೋಷವು ಕಂಡುಬರುವುದಿಲ್ಲ. ಆದುದರಿಂದ ಅಳವಡಿಕೆಯ ನಂತರ ಕೀಲಿ ತೆಗೆದ ಸ್ಥಿತಿಯಲ್ಲಿಯೂ ಸಾಧನಕ್ಕೆ ಮುಖ್ಯ ಪೂರೈಕೆ ದೊರೆಯುತ್ತಿರುವುದನ್ನು ಅಳವಡಿಸಿದವರಿಂದ ಖಚಿತಪಡಿಸಿಕೊಳ್ಳುವುದು ಅವಶ್ಯಕ.

5. ತಪಾಸಣೆಗೆ ಹಾಜರುಪಡಿಸುವ ಮುನ್ನ

ಅ) ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿ ಎಚ್ಚರಿಕೆ ದೀಪಗಳನ್ನು ಗಮನಿಸತಕ್ಕದ್ದು. ಗಾಳಿಚೀಲದ ದೀಪವು ಬೆಳಗಿ ಕೆಲವು ಸೆಕೆಂಡುಗಳಲ್ಲಿ ಆರಬೇಕು. ಇಂಜಿನ್ ದೀಪವು ಇಂಜಿನ್ ಚಾಲನೆಗೊಂಡ ನಂತರ ಆರಬೇಕು. ಆರದೇ ಇರುವ ದೀಪದಂತೆಯೇ, ಎಂದೂ ಬೆಳಗದ ದೀಪವೂ ದೋಷದ ಸೂಚನೆಯೇ ಆಗಿರುತ್ತದೆ.

ಆ) ದೀಪವನ್ನು ಆರಿಸುವ ಸಲುವಾಗಿ ಬ್ಯಾಟರಿ ಕಳಚಬಾರದು. ದೋಷವು ಉಳಿದಿದ್ದಲ್ಲಿ ಘಟಕವು ಮರುತಪಾಸಣೆ ನಡೆಸಿ ದೀಪವನ್ನು ಪುನಃ ಬೆಳಗಿಸುತ್ತದೆ.

ಇ) ಹೆಚ್ಚುವರಿ ದೀಪ, ಹಾರನ್ ಅಥವಾ ಕ್ಯಾಮೆರಾ ಅಳವಡಿಸುವಾಗ ಘಟಕಗಳ ತಂತಿಯನ್ನು ಸುಲಿದು ಜೋಡಿಸಬಾರದು. ಸೂಕ್ತ ಫ್ಯೂಸ್ ಇಲ್ಲದ ಜೋಡಣೆಯಿಂದ ಬೆಂಕಿ ಅನಾಹುತ ಸಂಭವಿಸಬಹುದು.

6. ಘಾಟಿ ರಸ್ತೆಗಳಲ್ಲಿ ಎಚ್ಚರಿಕೆ

ಚಾರ್ಮಾಡಿ, ಶಿರಾಡಿ, ಆಗುಂಬೆಯಂತಹ ಘಾಟಿಗಳ ಇಳಿಜಾರಿನಲ್ಲಿ ಇಂಧನ ಉಳಿತಾಯಕ್ಕಾಗಿ ಇಗ್ನಿಷನ್ ಆಫ್ ಮಾಡುವುದು ಅತ್ಯಂತ ಅಪಾಯಕಾರಿ. ಹಾಗೆ ಮಾಡಿದಲ್ಲಿ ಸ್ಟಿಯರಿಂಗ್‌ನ ನೆರವು ತಪ್ಪುತ್ತದೆ, ಬ್ರೇಕಿನ ನೆರವು ಕೆಲವೇ ಬಾರಿ ಒತ್ತುವುದರೊಳಗೆ ಮುಗಿಯುತ್ತದೆ, ಗಾಳಿಚೀಲ ತೆರೆದುಕೊಳ್ಳುವ ಭರವಸೆ ಇರುವುದಿಲ್ಲ. ಕೀಲಿ ಹೊರಬಂದರೆ ಸ್ಟಿಯರಿಂಗ್ ಬೀಗ ಬೀಳಲೂಬಹುದು. ಇಂಧನ ಇಂಜೆಕ್ಷನ್ ಇರುವ ಇಂಜಿನ್‌ಗಳಲ್ಲಿ ಗೇರ್‌ನಲ್ಲಿಯೇ ಇಳಿಯುವಾಗ, ಆಕ್ಸಿಲರೇಟರ್‌ನಿಂದ ಕಾಲು ತೆಗೆದೊಡನೆ ನಿಯಂತ್ರಣ ಘಟಕವು ಸಾಮಾನ್ಯವಾಗಿ ಇಂಧನ ಪೂರೈಕೆಯನ್ನು ತಾನೇ ಕಡಿತಗೊಳಿಸುತ್ತದೆ. ಆದ್ದರಿಂದ ಇಗ್ನಿಷನ್ ಆಫ್ ಮಾಡುವುದರಿಂದ ನಿರೀಕ್ಷಿಸುವ ಉಳಿತಾಯವು ಕೀಲಿಯನ್ನು ಮುಟ್ಟದೆಯೇ ದೊರೆಯುತ್ತದೆ.

ಮೇಲ್ಕಂಡ ಅಂಶಗಳು ಸಾಮಾನ್ಯ ಸ್ವರೂಪದವಾಗಿದ್ದು, ನಿರ್ದಿಷ್ಟ ವಾಹನಕ್ಕೆ ಸಂಬಂಧಿಸಿದಂತೆ ತಯಾರಕರ ಕೈಪಿಡಿಯನ್ನು ಅನುಸರಿಸುವುದು. ವಾಹನ ಮಾಲೀಕರು ಹಾಗೂ ಚಾಲಕರು ಇವುಗಳನ್ನು ಪಾಲಿಸಿ ಸಹಕರಿಸಬೇಕಾಗಿ ಕೋರಲಾಗಿದೆ.